ಉಲ್ಲೇಖಗಳ ಎಣಿಕೆ ಮತ್ತು ಸಂಶೋಧನೆಯ ಮೌಲ್ಯ: ವೈದ್ಯಕೀಯ ಪ್ರತಿಬಿಂಬನ ಕ್ಷೇತ್ರದ ಒಂದು ನಿದರ್ಶನ

ಸಂಶೋಧಕನೊಬ್ಬನ ಸಾಧನೆಯನ್ನು ಆತನ ಪ್ರಕಟಣೆಗಳ ಸಂಖ್ಯೆಯಿಂದಲೂ ಅವುಗಳಿಗೆ ದೊರೆತ ಉಲ್ಲೇಖಗಳಿಂದಲೂ ಅಳೆಯುವ ಪದ್ಧತಿ ಇಂದು ವಿದ್ವತ್ ವಲಯದಲ್ಲಿ ಬೇರೂರಿದೆ. ಯೂಜೀನ್ ಗಾರ್ಫೀಲ್ಡ್ ಅವರು 1960ರ ದಶಕದಲ್ಲಿ ಹೊರತಂದ ‘ಸೈನ್ಸ್ ಸೈಟೇಷನ್ ಇಂಡೆಕ್ಸ್’ ಮೂಲತಃ ಒಂದು ವಿಚಾರ ಲೇಖನದಿಂದ ಲೇಖನಕ್ಕೆ ಸಾಗಿದ ಜಾಡನ್ನು ಹುಡುಕಿಕೊಡುವ ಸಾಧನವಾಗಿತ್ತು. ಕಾಲಕ್ರಮೇಣ ಅದು ಅಳತೆಗೋಲಾಯಿತು. 2005ರಲ್ಲಿ ಜಾರ್ಜ್ ಹರ್ಷ್ ಸೂಚಿಸಿದ ‘ಎಚ್-ಸೂಚ್ಯಂಕ’ವು ಇಡೀ ಬಾಳಿನ ಬರವಣಿಗೆಯನ್ನು ಒಂದೇ ಅಂಕೆಗೆ ಇಳಿಸಿತು. ಈ ಅಂಕೆ ಏನನ್ನು ಹೇಳುತ್ತದೆ, ಏನನ್ನು ಮರೆಮಾಡುತ್ತದೆ ಎಂಬುದನ್ನು ಅರಿಯಲು ವೈದ್ಯಕೀಯ ಪ್ರತಿಬಿಂಬನ ಕ್ಷೇತ್ರದಲ್ಲಿ ಜಿ.ಎನ್. ರಾಮಚಂದ್ರನ್ ಅವರ ಕೊಡುಗೆ ಉತ್ತಮ ನಿದರ್ಶನವಾಗಿದೆ.

ರಾಮಚಂದ್ರನ್ (1922–2001) ಪ್ರಸಿದ್ಧರಾದದ್ದು ಮದರಾಸಿನಲ್ಲಿ ನಡೆಸಿದ ಕೊಲಾಜೆನ್ ರಚನೆಯ ಅಧ್ಯಯನದಿಂದ ಹಾಗೂ 1963ರಲ್ಲಿ ಪ್ರಕಟವಾದ, ಪ್ರೋಟೀನುಗಳ ರಚನೆಯನ್ನು ಪರೀಕ್ಷಿಸುವ ‘ರಾಮಚಂದ್ರನ್ ನಕ್ಷೆ’ಯಿಂದ. 1970ರ ದಶಕದ ಆರಂಭದಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣುಜೀವಭೌತ ವಿಜ್ಞಾನ ಘಟಕವನ್ನು ಕಟ್ಟಿದರು. ಅದೇ ಅವಧಿಯಲ್ಲಿ, 1971ರಲ್ಲಿ, ಎ.ವಿ. ಲಕ್ಷ್ಮೀನಾರಾಯಣನ್ ಅವರೊಡನೆ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ನಡಾವಳಿಯಲ್ಲಿ ಐದು ಪುಟಗಳ ಲೇಖನವೊಂದನ್ನು ಪ್ರಕಟಿಸಿದರು.

ಆ ಲೇಖನದ ಸಮಸ್ಯೆ ಇದು: ವಸ್ತುವಿನ ಮೂಲಕ ಹಲವು ದಿಕ್ಕುಗಳಿಂದ ಕ್ಷ-ಕಿರಣಗಳನ್ನು ಹಾಯಿಸಿ ಪಡೆದ ನೆರಳುಗಳಿಂದ ಅದರ ಒಳಚಿತ್ರವನ್ನು ಹೇಗೆ ಪುನಾರಚಿಸುವುದು? ಪ್ರತಿ ನೆರಳನ್ನೂ ಅದು ಬಂದ ದಿಕ್ಕಿನಲ್ಲೇ ಹಿಂದಕ್ಕೆ ಹರಡಿ ಕೂಡಿಸಿದರೆ ಚಿತ್ರ ಮೂಡುತ್ತದೆ, ಆದರೆ ಮಸುಕಾಗಿರುತ್ತದೆ. ಫೂರಿಯೆ ಪರಿವರ್ತನೆಯಿಂದ ಇದನ್ನು ನಿವಾರಿಸಬಹುದಿತ್ತಾದರೂ ಅಂದಿನ ಗಣಕಗಳಿಗೆ ಆ ಲೆಕ್ಕ ಭಾರವಾಗಿತ್ತು. ಹರಡುವ ಮುನ್ನವೇ ಪ್ರತಿ ನೆರಳನ್ನು ‘ಕನ್ವಲ್ಯೂಷನ್’ ಎಂಬ ಸರಳ ಗಣಿತಕ್ರಿಯೆಯಿಂದ ತಿದ್ದಿದರೆ ಫೂರಿಯೆ ಪರಿವರ್ತನೆಯ ಗೊಡವೆಯಿಲ್ಲದೆ ಸ್ಪಷ್ಟ ಚಿತ್ರ ದೊರೆಯುವುದೆಂದು ಇವರು ತೋರಿಸಿದರು. ರೇಡಿಯೋ ಖಗೋಳ ವಿಜ್ಞಾನದಲ್ಲಿ ಬ್ರೇಸ್‌ವೆಲ್ ಮತ್ತು ರಿಡಲ್ 1967ರಲ್ಲೇ ಇಂತಹುದೇ ವಿಧಾನವನ್ನು ಪ್ರತ್ಯೇಕವಾಗಿ ಕಂಡುಕೊಂಡಿದ್ದರು. ಮುಂದೆ ಹಲವು ದಶಕಗಳ ಕಾಲ ಸಿ.ಟಿ. ಸ್ಕ್ಯಾನ್ ಯಂತ್ರಗಳ ಚಿತ್ರರಚನೆಗೆ ಈ ಮಾರ್ಗವೇ ಮುಖ್ಯ ಆಧಾರವಾಯಿತು.

ಇಂತಹ ಕೃತಿಯನ್ನು ಉಲ್ಲೇಖಗಳ ಲೆಕ್ಕ ಹೇಗೆ ಕಾಣುತ್ತದೆ? ಮೊದಲನೆಯದಾಗಿ, ಒಂದು ಲೇಖನವು ಎಷ್ಟೇ ಸಾವಿರ ಬಾರಿ ಉಲ್ಲೇಖಗೊಂಡರೂ ಎಚ್-ಸೂಚ್ಯಂಕಕ್ಕೆ ಒಂದೇ ಅಂಕವನ್ನು ಕೂಡಿಸಬಲ್ಲದು. ಎರಡನೆಯದಾಗಿ, ಆರಂಭದ ಮುದ್ರಿತ ಸೂಚಿಗಳಲ್ಲಿ ಉಲ್ಲೇಖಿತ ಲೇಖನಗಳು ಮೊದಲ ಲೇಖಕನ ಹೆಸರಿನಡಿಯಲ್ಲಿ ಮಾತ್ರ ದಾಖಲಾಗುತ್ತಿದ್ದವು. ಆದ್ದರಿಂದ ಲಕ್ಷ್ಮೀನಾರಾಯಣನ್ ಅವರ ಪಾಲು ಅಲ್ಲಿ ಕಾಣದು. ಬೀಸಣಿಗೆಯಂತೆ ಹರಡುವ ಕಿರಣಗಳಿಂದ ಚಿತ್ರ ಪಡೆಯುವ ವಿಧಾನವನ್ನು ಕುರಿತು ಅವರು 1975ರಲ್ಲಿ ಬರೆದ ಮಹತ್ವದ ಕೃತಿಯೂ ನಿಯತಕಾಲಿಕದಲ್ಲಿ ಬಂದುದಲ್ಲ, ನ್ಯೂಯಾರ್ಕ್ ರಾಜ್ಯ ವಿಶ್ವವಿದ್ಯಾಲಯದ ಬಫಲೋ ಕೇಂದ್ರದ ತಾಂತ್ರಿಕ ವರದಿ.

ಮೂರನೆಯ ಕಾರಣ ಇನ್ನೂ ಸೂಕ್ಷ್ಮವಾದುದು. ತಿದ್ದುಪಡಿಯ ಆ ಗಣಿತಕ್ರಿಯೆಗೆ ಇಬ್ಬರ ಹೆಸರನ್ನೂ ಕತ್ತರಿಸಿ ಜೋಡಿಸಿ ‘ರಾಮ್-ಲಾಕ್ ಫಿಲ್ಟರ್’ ಎಂದು ಕರೆಯಲಾಯಿತು. ‘ಮ್ಯಾಟ್‌ಲ್ಯಾಬ್’ ತಂತ್ರಾಂಶದ ಪುನಾರಚನಾ ಆದೇಶದಲ್ಲಿ ಬೇರೆ ಸೂಚನೆ ನೀಡದಿದ್ದರೆ ಬಳಕೆಯಾಗುವುದು ಇದೇ. ಹೆಸರು ಪರಿಭಾಷೆಯಾದ ಮೇಲೆ ಮೂಲ ಲೇಖನವನ್ನು ಉಲ್ಲೇಖಿಸುವ ಅಗತ್ಯ ಬಳಕೆದಾರನಿಗೆ ತೋರುವುದಿಲ್ಲ. ಜ್ಞಾನವು ಸರ್ವಸಾಮಾನ್ಯವಾದಾಗ ಅದರ ಮೂಲ ಮರೆಯಾಗುವ ಈ ಪ್ರಕ್ರಿಯೆಯನ್ನು ಸಮಾಜವಿಜ್ಞಾನಿ ರಾಬರ್ಟ್ ಮರ್ಟನ್ ಗುರುತಿಸಿದ್ದರು. ಯಶಸ್ಸು ಪೂರ್ಣವಾದಷ್ಟೂ ಉಲ್ಲೇಖ ಕಡಿಮೆಯಾಗುವ ವಿಪರ್ಯಾಸ ಇದು.

ಇದಕ್ಕೆ ಪ್ರತಿಯಾದ ನಿದರ್ಶನವೂ ಇದೇ ಕ್ಷೇತ್ರದಲ್ಲಿದೆ. ಇದೇ ಪುನಾರಚನೆಯ ಸಮಸ್ಯೆಗೆ ಗಣಿತದ ಪರಿಹಾರ ನೀಡಿ ಅಲನ್ ಕಾರ್ಮ್ಯಾಕ್ 1963 ಮತ್ತು 1964ರಲ್ಲಿ ಪ್ರಕಟಿಸಿದ ಎರಡು ಲೇಖನಗಳಿಗೆ ಪ್ರತಿಕ್ರಿಯೆಯೇ ಬರಲಿಲ್ಲವೆನ್ನಬಹುದು. ಪ್ರತಿ ಕೋರಿ ಬರೆದವರಲ್ಲಿ ಸ್ವಿಟ್ಸರ್ಲೆಂಡಿನ ಹಿಮಕುಸಿತ ಸಂಶೋಧನಾ ಕೇಂದ್ರವೂ ಒಂದಾಗಿತ್ತು. 1917ರಲ್ಲೇ ಯೋಹಾನ್ ರಾಡಾನ್ ಆ ಗಣಿತವನ್ನು ಬಿಡಿಸಿದ್ದರೆಂಬುದು ಕಾರ್ಮ್ಯಾಕ್ ಅವರಿಗೂ ತಿಳಿದಿರಲಿಲ್ಲ. 1971ರ ಅಕ್ಟೋಬರಿನಲ್ಲಿ ಲಂಡನ್ನಿನ ಅಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಗಾಡ್‌ಫ್ರೀ ಹೌನ್ಸ್‌ಫೀಲ್ಡ್ ಅವರ ಯಂತ್ರ ಮೊದಲ ರೋಗಿಯ ಮಿದುಳನ್ನು ಚಿತ್ರಿಸಿತು. 1979ರಲ್ಲಿ ಇಬ್ಬರೂ ನೊಬೆಲ್ ಪಾರಿತೋಷಕ ಹಂಚಿಕೊಂಡರು. 1970ರಲ್ಲಿ ಆಯ್ಕೆ ಸಮಿತಿಯೊಂದು ಉಲ್ಲೇಖಗಳನ್ನಷ್ಟೇ ಎಣಿಸಿದ್ದರೆ ಕಾರ್ಮ್ಯಾಕ್ ಅವರ ಈ ಕೆಲಸ ಗಣನೆಗೇ ಬರುತ್ತಿರಲಿಲ್ಲ.

ಇದರಿಂದ ಉಲ್ಲೇಖ ಸೂಚಿ ನಿರುಪಯುಕ್ತವೆಂದು ತೀರ್ಮಾನಿಸಬೇಕಿಲ್ಲ. ಜಾಡು ಹಿಡಿಯುವ ಅದರ ಮೂಲ ಗುಣ ಇಂದಿಗೂ ಅಮೂಲ್ಯ. ಆದರೆ ನೇಮಕಾತಿ, ಬಡ್ತಿ, ಅನುದಾನಗಳು ಅಂಕೆಯನ್ನು ಅವಲಂಬಿಸಿರುವಾಗ ಆ ಅಂಕೆಯ ಮಿತಿಯನ್ನು ತಿಳಿಸುವ ಹೊಣೆ ಗ್ರಂಥಾಲಯಗಳ ಮೇಲಿದೆ. ಲೇಖಕನ ಹೆಸರಿನೊಡನೆ ಆತನಿಂದ ಹುಟ್ಟಿದ ಪಾರಿಭಾಷಿಕ ಪದಗಳನ್ನೂ ಹುಡುಕುವುದು, ತಾಂತ್ರಿಕ ವರದಿಗಳನ್ನೂ ಪೇಟೆಂಟುಗಳನ್ನೂ ಪಟ್ಟಿಗೆ ಸೇರಿಸುವುದು, ಸಹಲೇಖಕರ ಪಾಲನ್ನು ಗುರುತಿಸುವುದು ಅವಶ್ಯಕ. ಎಲ್ಲಕ್ಕಿಂತ ಮಿಗಿಲಾಗಿ, ಎಣಿಸುವ ಮುನ್ನ ಲೇಖನವನ್ನು ಓದಬೇಕು. 1971ರ ಆ ಲೇಖನವಾದರೋ ಐದೇ ಪುಟಗಳದು.