ಶಾಸನಸಭೆಗೆ ಬೆನ್ನು ಹಾಕಿದ ಶಾಸಕ

2008ರಲ್ಲಿ ಬಂದ 'ಮಿಲ್ಕ್' ಸಿನಿಮಾ ನೋಡಿದವರಿಗೆ ಜಾನ್ ಬ್ರಿಗ್ಸ್ ಹೆಸರು ನೆನಪಿರಬಹುದು. ಶಾನ್ ಪೆನ್‌ಗೆ ಆಸ್ಕರ್ ತಂದುಕೊಟ್ಟ ಆ ಚಿತ್ರದಲ್ಲಿ ಬ್ರಿಗ್ಸ್ ಪಾತ್ರ ಮಾಡಿದವರು ಡೆನಿಸ್ ಓ'ಹೇರ್. ಕ್ಯಾಲಿಫೋರ್ನಿಯಾದ ಶಾಲೆಗಳಿಂದ ಸಲಿಂಗಿ ಶಿಕ್ಷಕರನ್ನು ಹೊರಹಾಕಲು ಹೊರಟು ಸೋತ ಸೆನೆಟರ್ ಎಂದೇ ಜಗತ್ತು ಅವರನ್ನು ಗುರುತಿಸುತ್ತದೆ. ಸಿನಿಮಾ ಹೇಳಿದ್ದು ಸುಳ್ಳಲ್ಲ. ಆದರೆ 1978ರ ನವೆಂಬರ್ 7ರಂದು ಬ್ರಿಗ್ಸ್ ಜನರ ಮುಂದಿಟ್ಟದ್ದು ಒಂದಲ್ಲ, ಎರಡು ಪ್ರಸ್ತಾವ. ಒಂದು ಸೋತಿತು, ಇನ್ನೊಂದು ಭರ್ಜರಿಯಾಗಿ ಗೆದ್ದಿತು. ಸೋತದ್ದರ ಕತೆ ಎಲ್ಲರಿಗೂ ಗೊತ್ತು. ರಾಜ್ಯವನ್ನು ಹೆಚ್ಚು ಬದಲಿಸಿದ್ದು ಮಾತ್ರ ಗೆದ್ದದ್ದು.

1930ರಲ್ಲಿ ಹುಟ್ಟಿದ ಬ್ರಿಗ್ಸ್ ಫುಲರ್‌ಟನ್ ಎಂಬ ಊರಿನಲ್ಲಿ ವಿಮಾ ವ್ಯವಹಾರ ಮಾಡಿಕೊಂಡಿದ್ದವರು. ಅದು ಲಾಸ್ ಏಂಜಲಿಸ್‌ನ ದಕ್ಷಿಣಕ್ಕಿರುವ ಆರೆಂಜ್ ಕೌಂಟಿಗೆ ಸೇರಿದ್ದು. ಪಕ್ಕದ ಆನಾಹೈಮ್‌ನಲ್ಲಿ ಡಿಸ್ನಿಲ್ಯಾಂಡ್, ಇನ್ನೊಂದು ಬದಿಯ ಯೋರ್ಬಾ ಲಿಂಡಾದಲ್ಲಿ ರಿಚರ್ಡ್ ನಿಕ್ಸನ್ ಹುಟ್ಟಿದ ಮನೆ. ಎರಡನೇ ಮಹಾಯುದ್ಧದ ನಂತರ ಕಿತ್ತಳೆ ತೋಟಗಳು ಕರಗಿ, ರಕ್ಷಣಾ ಕಾರ್ಖಾನೆಗಳೂ ಹೊಸ ಬಡಾವಣೆಗಳೂ ಎದ್ದ ಸೀಮೆ ಇದು. ತೆರಿಗೆ ಕಡಿಮೆ ಇರಬೇಕು, ಕಮ್ಯುನಿಸಂ ತಲೆ ಎತ್ತಬಾರದು, ಚರ್ಚು ಮತ್ತು ಕುಟುಂಬದ ಕಟ್ಟುಪಾಡು ಸಡಿಲಾಗಬಾರದು ಎಂಬ ಮಧ್ಯಮ ವರ್ಗ ಇಲ್ಲಿ ಬೇರೂರಿತ್ತು. ಅಮೆರಿಕದ ಸಂಪ್ರದಾಯವಾದಿ ರಾಜಕಾರಣದ ತವರುಮನೆಗಳಲ್ಲಿ ಆರೆಂಜ್ ಕೌಂಟಿಯೂ ಒಂದು.

1966ರಲ್ಲಿ ರೊನಾಲ್ಡ್ ರೇಗನ್ ಗವರ್ನರ್ ಆಗಿ ಗೆದ್ದ ಚುನಾವಣೆಯಲ್ಲೇ ಬ್ರಿಗ್ಸ್ ರಿಪಬ್ಲಿಕನ್ ಪಕ್ಷದಿಂದ ರಾಜ್ಯದ ಅಸೆಂಬ್ಲಿಗೆ ಆಯ್ಕೆಯಾದರು. ಕ್ಯಾಲಿಫೋರ್ನಿಯಾದಲ್ಲಿ ನಮ್ಮ ವಿಧಾನಸಭೆ, ವಿಧಾನ ಪರಿಷತ್ತಿನಂತೆ ಎರಡು ಸದನಗಳಿವೆ. ಅಸೆಂಬ್ಲಿಯ ಸದಸ್ಯರು 80, ಅವಧಿ ಎರಡು ವರ್ಷ. ಸೆನೆಟಿನಲ್ಲಿ 40 ಮಂದಿ, ಅವಧಿ ನಾಲ್ಕು ವರ್ಷ. ಅವರನ್ನೂ ಜನರೇ ನೇರವಾಗಿ ಆರಿಸುತ್ತಾರೆ. ಬ್ರಿಗ್ಸ್ ಹತ್ತು ವರ್ಷ ಅಸೆಂಬ್ಲಿಯಲ್ಲಿದ್ದು 1976ರಲ್ಲಿ ಸೆನೆಟ್ ಪ್ರವೇಶಿಸಿದರು.

ಅಷ್ಟರಲ್ಲಿ ಎರಡೂ ಸದನ ಡೆಮಾಕ್ರಟಿಕ್ ಪಕ್ಷದ ಕೈಯಲ್ಲಿದ್ದವು, ಗವರ್ನರ್ ಜೆರ್ರಿ ಬ್ರೌನ್ ಕೂಡ ಅದೇ ಪಕ್ಷದವರು. ವಿರೋಧ ಪಕ್ಷದ ಒಬ್ಬ ಸೆನೆಟರ್ ಮಂಡಿಸಿದ ಮಸೂದೆ ಸಮಿತಿಯಲ್ಲೇ ಧೂಳು ತಿನ್ನುವುದು ಮಾಮೂಲು. ಬ್ರಿಗ್ಸ್‌ಗಾದರೋ ಗವರ್ನರ್ ಆಗುವ ಆಸೆಯಿತ್ತು. ಅವರು ಕಂಡುಕೊಂಡ ದಾರಿ ಶಾಸನಸಭೆಯ ಹೊರಗಿತ್ತು.

ಆ ದಾರಿ 1911ರಷ್ಟು ಹಳೆಯದು. ರೈಲ್ವೆ ಕಂಪನಿಗಳ ಹಿಡಿತದಲ್ಲಿದ್ದ ಶಾಸಕರನ್ನು ಬದಿಗಿಟ್ಟು ಜನರೇ ಕಾನೂನು ಮಾಡಲಿ ಎಂದು ಗವರ್ನರ್ ಹೈರಮ್ ಜಾನ್ಸನ್ ಕಾಲದಲ್ಲಿ ತಂದ ವ್ಯವಸ್ಥೆ ಅದು. ಹಿಂದಿನ ಗವರ್ನರ್ ಚುನಾವಣೆಯಲ್ಲಿ ಬಿದ್ದ ಮತಗಳ ಶೇ. 5ರಷ್ಟು ಮತದಾರರ ಸಹಿ ಒಟ್ಟುಮಾಡಿದರೆ ಯಾರು ಬೇಕಾದರೂ ಒಂದು ಕಾನೂನನ್ನು ಬರೆದು ಮತಕ್ಕೆ ಹಾಕಬಹುದು. ಬಹುಮತ ಬಂದರೆ ಅದು ಕಾನೂನಾಯಿತು; ಶಾಸನಸಭೆಯ ಒಪ್ಪಿಗೆಯೂ ಬೇಡ, ಗವರ್ನರ್ ಸಹಿಯೂ ಬೇಡ. ಅಲ್ಲಿ ಪೌರತ್ವ ಪಡೆದ ಕನ್ನಡಿಗರ ಮನೆಗೂ ಚುನಾವಣೆಗೆ ಮೊದಲು ಇಂಥ ಪ್ರಸ್ತಾವಗಳ ಪರ-ವಿರೋಧ ವಾದ ಅಚ್ಚಾದ ದಪ್ಪ ಪುಸ್ತಿಕೆ ಬರುತ್ತದೆ. ನಮ್ಮಲ್ಲಿ ಇದಕ್ಕೆ ಸಮನಾದದ್ದು ಯಾವುದೂ ಇಲ್ಲ. ಇರಬೇಕಿತ್ತೇ ಎಂಬ ಪ್ರಶ್ನೆಗೆ ಬ್ರಿಗ್ಸ್ ಕತೆ ಕೇಳಿದ ಮೇಲೆ ಉತ್ತರ ಸುಲಭವಾಗುವುದಿಲ್ಲ.

1977ರ ಜೂನ್‌ನಲ್ಲಿ ಫ್ಲಾರಿಡಾದ ಡೇಡ್ ಕೌಂಟಿಯಲ್ಲಿ ಸಲಿಂಗಿಗಳ ವಿರುದ್ಧದ ತಾರತಮ್ಯ ತಡೆಯುವ ನಿಯಮವನ್ನು ಮತದಾರರು ರದ್ದು ಮಾಡಿದರು. ಆ ಚಳವಳಿಯ ಮುಂದಾಳು ಗಾಯಕಿ ಅನಿಟಾ ಬ್ರಯಂಟ್. ಮಯಾಮಿಗೆ ಹೋಗಿ ಆ ಗೆಲುವನ್ನು ಕಣ್ಣಾರೆ ನೋಡಿದ ಬ್ರಿಗ್ಸ್, ತವರಿಗೆ ಮರಳಿ ಅದೇ ಮಾದರಿಯನ್ನು ಶಾಲೆಗಳಿಗೆ ಒಯ್ದರು. ಹೀಗೆ ಹುಟ್ಟಿದ್ದು 'ಪ್ರಸ್ತಾವ 6'. ಸಲಿಂಗಿ ಶಿಕ್ಷಕರನ್ನು ಕೆಲಸದಿಂದ ತೆಗೆಯುವುದರಲ್ಲೇ ಅದು ನಿಲ್ಲುತ್ತಿರಲಿಲ್ಲ. ಸಲಿಂಗಕಾಮದ ಪರವಾಗಿ ಬಹಿರಂಗವಾಗಿ ಮಾತಾಡಿ, ಅದು ಮಕ್ಕಳ ಇಲ್ಲವೇ ಸಹೋದ್ಯೋಗಿಗಳ ಕಿವಿಗೆ ಬೀಳುವಂತಿದ್ದರೆ ಯಾವ ಶಿಕ್ಷಕರ ನೌಕರಿಗೂ ಸಂಚಕಾರ ಬರುತ್ತಿತ್ತು. ಮದುವೆಯಾಗಿ ಮಕ್ಕಳಿದ್ದ ಶಿಕ್ಷಕರೂ ಇದಕ್ಕೆ ಹೊರತಾಗಿರಲಿಲ್ಲ.

ಮೊದಮೊದಲ ಜನಾಭಿಪ್ರಾಯ ಸಮೀಕ್ಷೆಗಳಲ್ಲಿ ಪ್ರಸ್ತಾವ ಮುಂದಿತ್ತು. ಎದುರು ನಿಂತವರು 1978ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರಾಡಳಿತ ಮಂಡಳಿಯಲ್ಲಿ ಪ್ರಮಾಣವಚನ ಸ್ವೀಕರಿಸಿದ್ದ ಹಾರ್ವೆ ಮಿಲ್ಕ್. ತಾವು ಸಲಿಂಗಿಯೆಂದು ಮುಚ್ಚುಮರೆಯಿಲ್ಲದೆ ಹೇಳಿಕೊಂಡು ಗೆದ್ದವರು. ಇಬ್ಬರೂ ಮತ್ತೆ ಮತ್ತೆ ಒಂದೇ ವೇದಿಕೆಯಲ್ಲಿ ವಾದಕ್ಕೆ ಕೂತರು. ಮಕ್ಕಳು ಶಿಕ್ಷಕರನ್ನು ನೋಡಿಯೇ ಹಾಗಾಗುವುದಾದರೆ ಬೀದಿ ತುಂಬ ಕ್ರೈಸ್ತ ಸನ್ಯಾಸಿನಿಯರೇ ಓಡಾಡಬೇಕಿತ್ತಲ್ಲ ಎಂದು ಮಿಲ್ಕ್ ತಮಾಷೆ ಮಾಡುತ್ತಿದ್ದರು. ಮನೆಯವರಿಗೆ, ನೆರೆಹೊರೆಯವರಿಗೆ ನಿಜ ಹೇಳಿ, ಆಗ ಅವರು ನಿಮ್ಮ ವಿರುದ್ಧ ಮತ ಹಾಕಲಾರರು ಎಂಬುದು ಸಲಿಂಗಿಗಳಿಗೆ ಅವರ ಕರೆ.

ಬ್ರಿಗ್ಸ್ ಎಣಿಸದಿದ್ದ ಪೆಟ್ಟು ಬಿದ್ದದ್ದು ಸ್ವಂತ ಪಾಳಯದಿಂದ. ಅಧ್ಯಕ್ಷ ಪದವಿಯ ಮೇಲೆ ಕಣ್ಣಿಟ್ಟಿದ್ದ ಮಾಜಿ ಗವರ್ನರ್ ರೇಗನ್ ಪತ್ರಿಕೆಯಲ್ಲಿ ಲೇಖನ ಬರೆದು ಪ್ರಸ್ತಾವವನ್ನು ವಿರೋಧಿಸಿದರು. ಸಲಿಂಗಕಾಮ ದಡಾರದಂತೆ ಅಂಟುವ ರೋಗವಲ್ಲ ಎಂದರು. ಅವರ ಇನ್ನೊಂದು ವಾದ ಅಪ್ಪಟ ಸಂಪ್ರದಾಯವಾದಿಯದೇ: ಕಡಿಮೆ ಅಂಕ ಬಂತೆಂದು ಸಿಟ್ಟಾದ ಹುಡುಗನೊಬ್ಬ ಸುಳ್ಳು ದೂರು ಕೊಟ್ಟರೆ ಶಿಕ್ಷಕನ ಬದುಕೇ ಹಾಳು, ಸರ್ಕಾರ ಖಾಸಗಿ ಬದುಕಿನೊಳಗೆ ಇಷ್ಟು ದೂರ ಕೈಚಾಚಬಾರದು. ಮಾಜಿ ಅಧ್ಯಕ್ಷ ಜೆರಾಲ್ಡ್ ಫೋರ್ಡ್, ಹಾಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಇಬ್ಬರೂ ವಿರೋಧಿಸಿದರು. 'ಲಾಗ್ ಕ್ಯಾಬಿನ್' ಹೆಸರಿನ ಸಲಿಂಗಿ ರಿಪಬ್ಲಿಕನ್ನರ ಸಂಘಟನೆಯ ಮೂಲವೂ ಇದೇ ಹೋರಾಟದಲ್ಲಿದೆ. ಸಂಪ್ರದಾಯವಾದಿಗಳೆಲ್ಲ ಒಂದೇ ಎಂದು ಬ್ರಿಗ್ಸ್ ಹಾಕಿದ ಲೆಕ್ಕ ತಪ್ಪಿತು. ಸರ್ಕಾರವನ್ನು ದೂರವಿಡಬೇಕೆನ್ನುವವರು, ನೀತಿ ಕಾಯಲು ಅದೇ ಸರ್ಕಾರವನ್ನು ಕರೆಯುವವರು ಒಂದೇ ಪಕ್ಷದಲ್ಲಿದ್ದರೂ ಒಂದೇ ಮಾತಿನವರಲ್ಲ. ಪ್ರಸ್ತಾವದ ವಿರುದ್ಧ ಶೇ. 58ಕ್ಕೂ ಹೆಚ್ಚು ಮತ ಬಿತ್ತು. ಅವರದೇ ಆರೆಂಜ್ ಕೌಂಟಿ ಕೂಡ ಕೈಕೊಟ್ಟಿತು. ಗವರ್ನರ್ ಕನಸನ್ನು ಅವರು ಅದಕ್ಕೂ ಮೊದಲೇ ಕೈಬಿಟ್ಟಿದ್ದರು.

ಇನ್ನು 'ಪ್ರಸ್ತಾವ 7'. ಅದರ ವಿಷಯ ಮರಣದಂಡನೆ.

1972ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಮರಣದಂಡನೆಯನ್ನು ತೊಡೆದುಹಾಕಿತ್ತು. ಅದೇ ವರ್ಷ ಮತದಾರರು ಮರಳಿ ತಂದರು. 1977ರಲ್ಲಿ ಗವರ್ನರ್ ಬ್ರೌನ್ ತಡೆದರೂ ಕೇಳದೆ ಶಾಸನಸಭೆ ಹೊಸ ಕಾನೂನು ಮಾಡಿತು. ಬ್ರಿಗ್ಸ್‌ಗೆ ಅದು ಸಾಲಲಿಲ್ಲ. ಮಾಜಿ ಪ್ರಾಸಿಕ್ಯೂಟರ್ ಡೊನಾಲ್ಡ್ ಹೆಲ್ಲರ್ ಅವರಿಂದ ಕರಡು ಬರೆಸಿ, ಮರಣದಂಡನೆಗೆ ಅರ್ಹವಾಗುವ ಕೊಲೆಗಳ ಪಟ್ಟಿಯನ್ನು ಬಹಳ ಹಿಗ್ಗಿಸಿದರು. ಸಾಮಾನ್ಯ ಕೊಲೆಗಳ ಜೈಲು ಶಿಕ್ಷೆಯೂ ಏರಿತು. ಮಗ ರಾನ್ ಕೂಡ ಪ್ರಚಾರದಲ್ಲಿ ದುಡಿದರು. ಶೇ. 71ರಷ್ಟು ಮತ ಪಡೆದು ಪ್ರಸ್ತಾವ ಗೆದ್ದಿತು. ಒಬ್ಬನೇ ಮನುಷ್ಯ ತಂದ ಎರಡು ಕಾಗದಗಳಲ್ಲಿ ಒಂದನ್ನು ಹರಿದು, ಇನ್ನೊಂದನ್ನು ತಲೆ ಮೇಲೆ ಹೊತ್ತುಕೊಂಡವರು ಅದೇ ಮತದಾರರು.

ಮೂರು ವಾರವೂ ತುಂಬಿರಲಿಲ್ಲ. ನವೆಂಬರ್ 27ರಂದು ಮಿಲ್ಕ್ ಮತ್ತು ಮೇಯರ್ ಜಾರ್ಜ್ ಮಾಸ್ಕೋನಿ ಇಬ್ಬರನ್ನೂ ಮಂಡಳಿಯ ಮಾಜಿ ಸದಸ್ಯ ಡ್ಯಾನ್ ವೈಟ್ ಗುಂಡಿಟ್ಟು ಕೊಂದ. ಬ್ರಿಗ್ಸ್ ತಂದ ಹೊಸ ಕಾನೂನಿನಡಿ ಅವನಿಗೆ ಮರಣದಂಡನೆ ಆಗಬಹುದಿತ್ತು. ಜ್ಯೂರಿ ಅದನ್ನು ಪೂರ್ವಯೋಜಿತ ಕೊಲೆ ಎಂದು ಒಪ್ಪಲಿಲ್ಲ. ಸಿಕ್ಕಿದ್ದು ಏಳು ವರ್ಷ ಎಂಟು ತಿಂಗಳ ಶಿಕ್ಷೆ. 1979ರ ಮೇನಲ್ಲಿ ತೀರ್ಪು ಬಂದ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಗಲಭೆ ಎದ್ದಿತು.

ಬ್ರಿಗ್ಸ್ 1981ರಲ್ಲಿ ಸೆನೆಟ್ ಬಿಟ್ಟು ಲಾಬಿ ವ್ಯವಹಾರಕ್ಕೆ ಇಳಿದರು. 2020ರಲ್ಲಿ, 90ರ ವಯಸ್ಸಿನಲ್ಲಿ ತೀರಿಕೊಂಡರು. ಅವರ ಕಾನೂನು ಮಾತ್ರ ನಿವೃತ್ತಿಯಾಗಲಿಲ್ಲ. ಮರಣದಂಡನೆಯ ಪ್ರಕರಣಗಳಲ್ಲೆಲ್ಲ ಆರೋಪಿಯ ಪರ ಮತ ಹಾಕಿದರೆಂಬ ಕಾರಣಕ್ಕೆ ಮುಖ್ಯ ನ್ಯಾಯಮೂರ್ತಿ ರೋಸ್ ಬರ್ಡ್ ಅವರನ್ನು 1986ರಲ್ಲಿ ಮತದಾರರು ಕುರ್ಚಿಯಿಂದ ಇಳಿಸಿದರು. ಹಾಗೆಂದು ಶಿಕ್ಷೆ ಜಾರಿಯಾಗುವ ವೇಗವೇನೂ ಹೆಚ್ಚಲಿಲ್ಲ. 1978ರಿಂದ ಇಲ್ಲಿಯವರೆಗೆ ಕ್ಯಾಲಿಫೋರ್ನಿಯಾ ಮರಣದಂಡನೆ ಕೊಟ್ಟದ್ದು 13 ಮಂದಿಗೆ, ಕೊನೆಯದು 2006ರಲ್ಲಿ. ವಯಸ್ಸಾಗಿಯೋ ಕಾಯಿಲೆಯಿಂದಲೋ ಜೈಲಿನಲ್ಲೇ ಸತ್ತವರು ಅದಕ್ಕಿಂತ ಎಷ್ಟೋ ಹೆಚ್ಚು. ಈ ವ್ಯವಸ್ಥೆಗೆ 400 ಕೋಟಿ ಡಾಲರ್ ಖರ್ಚಾಗಿದೆ ಎಂದು ಫೆಡರಲ್ ನ್ಯಾಯಾಧೀಶ ಆರ್ಥರ್ ಅಲಾರ್ಕಾನ್ ಮತ್ತು ಕಾನೂನು ಅಧ್ಯಾಪಕಿ ಪೌಲಾ ಮಿಚೆಲ್ 2011ರಲ್ಲಿ ಲೆಕ್ಕ ಕೊಟ್ಟರು.

2012ರಲ್ಲಿ ಮರಣದಂಡನೆ ರದ್ದುಪಡಿಸುವ 'ಪ್ರಸ್ತಾವ 34' ಬಂದಾಗ ಅದರ ಪರ ನಿಂತವರಲ್ಲಿ ಇಬ್ಬರ ಹೆಸರು ಎಲ್ಲರ ಗಮನ ಸೆಳೆಯಿತು: ಕರಡು ಬರೆದಿದ್ದ ಹೆಲ್ಲರ್ ಮತ್ತು ಬ್ರಿಗ್ಸ್ ಮಗ ರಾನ್. ರಾನ್ ಆಗ ಎಲ್ ಡೊರಾಡೊ ಕೌಂಟಿಯ ಆಡಳಿತ ಮಂಡಳಿಯ ಸದಸ್ಯರು, ಆಗಲೂ ಸಂಪ್ರದಾಯವಾದಿಯೇ. ನೊಂದ ಕುಟುಂಬಗಳಿಗೆ ನ್ಯಾಯ ಸಿಗಲೆಂದು ಮಾಡಿದ ಕಾನೂನು ಅವರನ್ನು ದಶಕಗಳ ಕಾಲ ಕೋರ್ಟಿಗೆ ಅಲೆಸಿತು, ಬೊಕ್ಕಸ ಬರಿದುಮಾಡಿತು ಎಂಬುದು ಅವರ ವಾದ. ದುಂದುವೆಚ್ಚವನ್ನು ಸಹಿಸದ ಸಂಪ್ರದಾಯವಾದಿಯಿಂದ ಬರಬೇಕಾದ ಮಾತೇ ಅದು. ಬರಲು 34 ವರ್ಷ ಹಿಡಿಯಿತು. ಮತದಾರರು ಒಪ್ಪಲಿಲ್ಲ. 2016ರಲ್ಲಿ ಇನ್ನೊಮ್ಮೆ ಕೇಳಿದಾಗಲೂ ಒಪ್ಪಲಿಲ್ಲ.

2019ರ ಮಾರ್ಚ್‌ನಲ್ಲಿ ಗವರ್ನರ್ ಗ್ಯಾವಿನ್ ನ್ಯೂಸಮ್ ಆದೇಶ ಹೊರಡಿಸಿ ಮರಣದಂಡನೆಯ ಜಾರಿಯನ್ನು ನಿಲ್ಲಿಸಿದರು. ಆಗ ಮರಣದಂಡನೆಗೆ ಗುರಿಯಾಗಿ ಜೈಲಿನಲ್ಲಿದ್ದ ಕೈದಿಗಳು 737. ಆದೇಶ ನಿಲ್ಲಿಸಿದ್ದು ಜಾರಿಯನ್ನಷ್ಟೇ. ಜನರ ಮತದಿಂದ ಬಂದ ಆ ಕಾನೂನನ್ನು ಅಳಿಸುವ ಅಧಿಕಾರ ಗವರ್ನರಿಗೂ ಇಲ್ಲ, ಶಾಸನಸಭೆಗೂ ಇಲ್ಲ. ಅದಕ್ಕೆ ಮತ್ತೆ ಮತದಾರರ ಬಳಿಗೇ ಹೋಗಬೇಕು.