ಹವ್ಯಾಸದಿಂದ ಉದ್ಯಮಕ್ಕೆ

ಜೀವನೋಪಾಯಕ್ಕಾಗಿ ಮಾಡುವ ಕೆಲಸವನ್ನು ವೃತ್ತಿಯೆಂದೂ, ಬಿಡುವಿನ ವೇಳೆಯಲ್ಲಿ ಮನಸ್ಸಂತೋಷಕ್ಕಾಗಿ ಮಾಡುವ ಕೆಲಸವನ್ನು ಹವ್ಯಾಸವೆಂದೂ ಕರೆಯುವುದು ವಾಡಿಕೆ. ಇವೆರಡರ ನಡುವೆ ದಾಟಲಾರದ ಗೋಡೆಯೇನೂ ಇಲ್ಲ. ಕೆಟ್ಟ ಗಡಿಯಾರವನ್ನು ಬಿಚ್ಚಿ ಜೋಡಿಸುವ ಹುಡುಗ, ಹಳೆಯ ಬಟ್ಟೆಯಿಂದ ಹೊಸ ಅಂಗಿ ಹೊಲಿಯುವ ಹುಡುಗಿ, ಹಿತ್ತಲಿನಲ್ಲಿ ಎರಡು ಜೇನುಪೆಟ್ಟಿಗೆಗಳನ್ನಿಟ್ಟ ಕೃಷಿಕ – ಇವರೆಲ್ಲರ ಕೈಯಲ್ಲಿಯೂ ತಮಗರಿವಿಲ್ಲದೆಯೇ ಒಂದು ಕುಶಲತೆ ಬೆಳೆಯುತ್ತಿರುತ್ತದೆ. ಆದರೆ ಕುಶಲತೆಯಿದ್ದ ಮಾತ್ರಕ್ಕೆ ಉದ್ಯಮ ಹುಟ್ಟುವುದಿಲ್ಲ. ಹವ್ಯಾಸದಲ್ಲಿ ನಮಗೆ ಇಷ್ಟವಾದುದನ್ನು ಮಾಡುತ್ತೇವೆ. ಉದ್ಯಮದಲ್ಲಿ ಪರರಿಗೆ ಬೇಕಾದುದನ್ನು ಮಾಡಬೇಕಾಗುತ್ತದೆ. ಈ ಎರಡೂ ಒಂದೆಡೆ ಕೂಡುವುದು ಹೇಗೆಂಬುದನ್ನು ತಿಳಿಯಲು ನಮ್ಮ ನಾಡಿನಲ್ಲಿಯೇ ಹುಟ್ಟಿದ ಒಬ್ಬ ಉದ್ಯಮಿಯ ಬಾಳನ್ನು ನೋಡಬಹುದು.

ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರ ಜೂನ್ 20ರಂದು ಲಕ್ಷ್ಮಣರಾವ್ ಕಿರ್ಲೋಸ್ಕರ್ ಜನಿಸಿದರು. ಬಾಲ್ಯದಿಂದಲೂ ಅವರಿಗೆ ಎರಡು ವಿಷಯಗಳಲ್ಲಿ ಆಸಕ್ತಿ: ಒಂದು ಚಿತ್ರ ಬರೆಯುವುದು, ಇನ್ನೊಂದು ಯಂತ್ರಗಳು. ಶಾಲೆಯ ಪಾಠಗಳು ಅಷ್ಟಾಗಿ ರುಚಿಸಲಿಲ್ಲ. ಚಿತ್ರಕಾರನಾಗಬೇಕೆಂಬ ಹಂಬಲದಿಂದ 1885ರಲ್ಲಿ ಮುಂಬಯಿಯ ಜೆ. ಜೆ. ಕಲಾಶಾಲೆಯನ್ನು ಸೇರಿದರು. ಎರಡು ವರ್ಷಗಳು ಕಳೆಯುವಷ್ಟರಲ್ಲಿ, ಕೆಲವು ಬಣ್ಣಗಳ ಭೇದವನ್ನು ಗುರುತಿಸುವ ಶಕ್ತಿ ಅವರ ಕಣ್ಣುಗಳಿಗಿಲ್ಲವೆಂಬುದು ತಿಳಿದುಬಂದಿತು. ಚಿತ್ರಕಾರನಿಗೆ ಇದಕ್ಕಿಂತ ದೊಡ್ಡ ಕೊರತೆ ಬೇರೆ ಯಾವುದಿದ್ದೀತು? ಆದರೆ ಯಂತ್ರಗಳ ನಕ್ಷೆಗೆ ಬಣ್ಣ ಬೇಕಿಲ್ಲ. ವಸ್ತುವನ್ನು ಮೇಲಿನಿಂದ, ಮುಂದಿನಿಂದ, ಪಕ್ಕದಿಂದ ನೋಡಿದರೆ ಹೇಗೆ ಕಾಣುವುದೆಂಬುದನ್ನು ಅಳತೆ ತಪ್ಪದ ಗೆರೆಗಳಲ್ಲಿ ತೋರಿಸಿದರೆ ಸಾಕು. ಲಕ್ಷ್ಮಣರಾಯರು ವರ್ಣಚಿತ್ರವನ್ನು ಬಿಟ್ಟು ಯಂತ್ರನಕ್ಷೆಯನ್ನು ಕಲಿತರು. ಮುಂಬಯಿಯ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ತಿಂಗಳಿಗೆ 45 ರೂಪಾಯಿ ಸಂಬಳದ ಸಹಾಯಕ ಅಧ್ಯಾಪಕರೂ ಆದರು. ಬಿಡುವಿನ ವೇಳೆಯನ್ನು ಸಂಸ್ಥೆಯ ಕಾರ್ಯಾಗಾರದಲ್ಲಿ ಕಳೆದು, ಯಂತ್ರಗಳನ್ನು ನಡೆಸುವುದನ್ನೂ ಸರಿಪಡಿಸುವುದನ್ನೂ ಕೈಯಾರೆ ಕಲಿತುಕೊಂಡರು. ಈ ಕಲಿಕೆಗೆ ಪರೀಕ್ಷೆಯೂ ಇರಲಿಲ್ಲ, ಪ್ರಮಾಣಪತ್ರವೂ ಇರಲಿಲ್ಲ.

ಅದೇ ಕಾಲಕ್ಕೆ ಲೋಕದಲ್ಲಿ ಒಂದು ಹೊಸ ವಾಹನ ಕಾಣಿಸಿಕೊಂಡಿತ್ತು. ಎರಡೂ ಚಕ್ರಗಳು ಹೆಚ್ಚುಕಡಿಮೆ ಸಮನಾಗಿದ್ದು, ಸರಪಳಿಯಿಂದ ಹಿಂದಿನ ಚಕ್ರ ತಿರುಗುವ ಸೈಕಲ್ ಇಂಗ್ಲೆಂಡಿನಲ್ಲಿ 1885ರಲ್ಲಿ ಮಾರುಕಟ್ಟೆಗೆ ಬಂದಿತು. ಡನ್‌ಲಪ್ ಎಂಬಾತನು ಗಾಳಿ ತುಂಬಿದ ರಬ್ಬರ್ ಟೈರಿಗೆ ಹಕ್ಕುಪತ್ರ ಪಡೆದುದು 1888ರಲ್ಲಿ. ಕಿರ್ಲೋಸ್ಕರ್ ಸಹೋದರರು ಬೆಳಗಾವಿಯಲ್ಲಿ ಸೈಕಲ್ ಅಂಗಡಿಯನ್ನು ತೆರೆದುದೂ ಅದೇ 1888ರಲ್ಲಿ. ಈ ಆಯ್ಕೆಯ ಹಿಂದಿದ್ದ ಜಾಣ್ಮೆ ಗಮನಿಸತಕ್ಕದ್ದು. ಒಬ್ಬನಿಗೆ ಒಂದು ಸೈಕಲನ್ನು ಮಾರುವುದು ಒಂದೇ ಸಲ. ಆದರೆ ಕಲ್ಲುಮುಳ್ಳಿನ ದಾರಿಯಲ್ಲಿ ಓಡಾಡುವ ಸೈಕಲಿಗೆ ದುರಸ್ತಿ ಪದೇ ಪದೇ ಬೇಕಾಗುತ್ತದೆ. ಮಾರುವವನಿಗೆ ಯಂತ್ರದ ಮರ್ಮ ತಿಳಿದಿದ್ದರೆ ಗಿರಾಕಿಯು ಮತ್ತೆ ಅವನ ಬಾಗಿಲಿಗೇ ಬರುತ್ತಾನೆ. ಸಣ್ಣ ಉದ್ಯಮಕ್ಕೆ ದುರಸ್ತಿಯ ಕೆಲಸದಷ್ಟು ಒಳ್ಳೆಯ ಪಾಠಶಾಲೆ ಇನ್ನೊಂದಿಲ್ಲವೆಂದೇ ಹೇಳಬೇಕು. ವಸ್ತುವಿನ ಯಾವ ಭಾಗ ಮೊದಲು ಸವೆಯುತ್ತದೆ, ಯಾವುದು ಮುರಿಯುತ್ತದೆ ಎಂಬುದು ಅಲ್ಲಿ ಕಣ್ಣಿಗೆ ಕಟ್ಟುವಂತೆ ತಿಳಿಯುತ್ತದೆ.

ಮುಂದೆ, ನ್ಯಾಯವಾಗಿ ತಮಗೆ ದೊರೆಯಬೇಕಾಗಿದ್ದ ಬಡ್ತಿಯು ಬೇರೊಬ್ಬರ ಪಾಲಾದಾಗ, ಲಕ್ಷ್ಮಣರಾಯರು ಅಧ್ಯಾಪಕ ವೃತ್ತಿಯನ್ನು ತೊರೆದು ಬೆಳಗಾವಿಗೆ ಬಂದು ನೆಲೆಸಿದರು. ಸೈಕಲ್ ಅಂಗಡಿಯ ಜೊತೆಗೆ ಒಂದು ಸಣ್ಣ ಕಾರ್ಯಾಗಾರವೂ ಎದ್ದಿತು. ಅಲ್ಲಿ ಅವರು ಮೊದಲಿಗೆ ತಯಾರಿಸಿದುದು ಮೇವು ಕತ್ತರಿಸುವ ಯಂತ್ರ. ಇಡಿಯಾಗಿ ಹಾಕಿದ ಜೋಳದ ದಂಟಿನಲ್ಲಿ ದನಗಳು ಎಲೆಯನ್ನೂ ಎಳೆಯ ಭಾಗವನ್ನೂ ತಿಂದು ಗಟ್ಟಿಯಾದ ಬುಡವನ್ನು ಬಿಟ್ಟುಬಿಡುತ್ತವೆ. ಅದನ್ನೇ ಸಣ್ಣಗೆ ತುಂಡರಿಸಿ ಹಾಕಿದರೆ ಬಹುಪಾಲು ಮೇವು ದನದ ಹೊಟ್ಟೆ ಸೇರುತ್ತದೆ. ರೈತನಿಗೆ ಇದರ ಲಾಭವನ್ನು ವಿವರಿಸಲು ಭಾಷಣ ಬೇಕಾಗಿರಲಿಲ್ಲ; ಕೊಟ್ಟಿಗೆಯ ಗೋದಲಿಯೇ ಅದನ್ನು ಹೇಳುತ್ತಿತ್ತು.

ಕಬ್ಬಿಣದ ನೇಗಿಲಿನ ಕಥೆ ಹಾಗಲ್ಲ. ಮರದ ನೇಗಿಲು ನೆಲವನ್ನು ಸೀಳುತ್ತದೆಯೇ ಹೊರತು ಮಗುಚುವುದಿಲ್ಲ. ಸಾಲು ಸಾಲುಗಳ ನಡುವೆ ಉಳದ ನೆಲ ಉಳಿದುಬಿಡುತ್ತದೆ. ಬಾಗಿದ ರೆಕ್ಕೆಯುಳ್ಳ ಕಬ್ಬಿಣದ ನೇಗಿಲು ಮಣ್ಣನ್ನು ಆಳದಿಂದ ಎತ್ತಿ ಹೊರಳಿಸಿ, ಕಳೆಯ ಬೇರುಗಳನ್ನು ಬಿಸಿಲಿಗೆ ಒಡ್ಡುತ್ತದೆ. ಇಷ್ಟು ಉಪಯುಕ್ತವಾದ ವಸ್ತುವನ್ನು ಕೊಳ್ಳುವವರೇ ಇಲ್ಲವಾದರು! ಕಬ್ಬಿಣವು ತಗುಲಿದರೆ ಮಣ್ಣಿಗೆ ವಿಷವೇರುತ್ತದೆಂಬ ನಂಬಿಕೆ ರೈತರಲ್ಲಿತ್ತು. ಮೊದಲ ನೇಗಿಲುಗಳು ಮಾರಾಟವಾಗಲು ಸುಮಾರು ಎರಡು ವರ್ಷಗಳು ಹಿಡಿದವು. ರೈತರನ್ನು ಮೂಢರೆಂದು ಹಳಿಯುವುದು ಸುಲಭ. ಆದರೆ ಮಳೆಯನ್ನೇ ನಂಬಿದ ಬಡವನು ವರ್ಷದ ಅನ್ನವನ್ನು ಅಪರಿಚಿತ ವಸ್ತುವಿನ ಮೇಲೆ ಪಣವಾಗಿಡಲು ಹಿಂಜರಿಯುವುದು ಸಹಜವೇ. ಹೊಸ ವಸ್ತುವನ್ನು ಮಾಡುವವನಿಗೆ ತಯಾರಿಕೆಯಷ್ಟೇ ಕಷ್ಟದ ಕೆಲಸ ನಂಬಿಕೆಯನ್ನು ಗಳಿಸುವುದು. ಅಷ್ಟು ಕಾಲ ಕಿರ್ಲೋಸ್ಕರ್ ಸಹೋದರರು ತಾಳಿಕೊಂಡಿದ್ದುದಕ್ಕೆ ಬೇರೆ ಆದಾಯವಿದ್ದುದೂ ಕಾರಣವಾಗಿರಬೇಕು. ಹೊಸದನ್ನು ಕೈಗೆತ್ತಿಕೊಳ್ಳುವವನು ಇದ್ದ ಆದಾಯವನ್ನು ಒಮ್ಮೆಲೇ ಕೈಬಿಡದಿರುವುದು ಲೇಸು.

ಇಲ್ಲಿ ಲೆಕ್ಕದ ಮಾತೊಂದನ್ನು ಹೇಳಬೇಕು. ಹವ್ಯಾಸದಿಂದ ಉದ್ಯಮಕ್ಕೆ ಬಂದವರು ಸೋಲುವುದು ಬಹುಮಟ್ಟಿಗೆ ಈ ಲೆಕ್ಕದಲ್ಲಿಯೇ. ಮರಗೆಲಸದಲ್ಲಿ ಆಸಕ್ತಿಯುಳ್ಳವನೊಬ್ಬನು ಒಂದು ಮಣೆಯನ್ನು ಮಾಡಿದನೆಂದು ಭಾವಿಸಿರಿ. ಮರಕ್ಕೆ 400 ರೂಪಾಯಿ, ಮೊಳೆ ಮತ್ತು ಬಣ್ಣಕ್ಕೆ 60 ರೂಪಾಯಿ ತಗುಲಿತು. ಮಾರಿದ ಬೆಲೆ 600 ರೂಪಾಯಿ. 140 ರೂಪಾಯಿ ಲಾಭವಾಯಿತೆಂದು ಅವನು ಹಿಗ್ಗುತ್ತಾನೆ. ಆದರೆ ಆ ಮಣೆಗಾಗಿ ಅವನು ಎರಡು ದಿನ ದುಡಿದಿದ್ದಾನೆ. ಆ ದುಡಿಮೆಗೆ ಕೂಲಿಯನ್ನು ಕಟ್ಟಿ, ಗರಗಸ ಉಳಿಗಳ ಸವೆತವನ್ನೂ ಹಾಕಿ, ಸಾಲವಾಗಿ ಒಯ್ದವರು ತಡವಾಗಿ ಕೊಡುವ ಹಣವನ್ನೂ ಗಣಿಸಿದರೆ ಉಳಿಯುವುದು ನಷ್ಟವೇ. ಕೆಲಸದಲ್ಲಿ ದೊರೆಯುವ ಸಂತೋಷವು ಈ ನಷ್ಟವನ್ನು ಅವನ ಕಣ್ಣಿಗೆ ಮರೆಮಾಡುತ್ತದೆ. ಸಂತೋಷಕ್ಕಾಗಿ ಮಾಡುವವನಿಗೆ ಅದರಿಂದ ಬಾಧಕವಿಲ್ಲ. ಅದರಿಂದಲೇ ಮನೆ ನಡೆಯಬೇಕಾದವನಿಗೆ ಮಾತ್ರ ಅದು ದಿನದಿನವೂ ಆಳವಾಗುವ ಗುಂಡಿ. ಆದುದರಿಂದ ತನ್ನ ಕೂಲಿಯನ್ನು ಖರ್ಚಿನ ಪಟ್ಟಿಯಲ್ಲಿ ಮೊದಲು ಬರೆದು, ಅನಂತರ ಬೆಲೆಯನ್ನು ನಿಗದಿಮಾಡುವುದು ಕ್ರಮ. ಆ ಬೆಲೆಗೆ ಕೊಳ್ಳುವವರು ಇಲ್ಲವಾದರೆ, ಮಾಡುವ ವಸ್ತುವನ್ನು ಇಲ್ಲವೇ ಮಾಡುವ ವಿಧಾನವನ್ನು ಬದಲಾಯಿಸಬೇಕಾಗುತ್ತದೆ. ಒಂದೇ ಅಳತೆಯ ಹತ್ತು ಮಣೆಗಳ ಹಲಗೆಗಳನ್ನು ಒಟ್ಟಿಗೆ ಕೊಯ್ದುಕೊಂಡರೆ ಒಂದೊಂದಕ್ಕೆ ತಗುಲುವ ಸಮಯ ಎಷ್ಟೋ ಕಡಿಮೆಯಾಗುತ್ತದೆ.

ಲಕ್ಷ್ಮಣರಾಯರ ಕಾರ್ಯಾಗಾರವು ಬೇರೂರುತ್ತಿರುವಾಗಲೇ, ಊರಿನ ವಿಸ್ತರಣೆಗಾಗಿ ಆ ಸ್ಥಳವನ್ನು ತೆರವು ಮಾಡಬೇಕಾಯಿತು. ಔಂಧ್ ಸಂಸ್ಥಾನದ ಅರಸರಾದ ಬಾಳಾಸಾಹೇಬ ಪಂತ ಪ್ರತಿನಿಧಿಯವರು ಬಡ್ಡಿಯಿಲ್ಲದೆ 10,000 ರೂಪಾಯಿ ಸಾಲವನ್ನೂ, 32 ಎಕರೆ ನೆಲವನ್ನೂ ಕೊಟ್ಟರು. ಪಾಪಾಸುಕಳ್ಳಿ ಬೆಳೆದು ಹಾವುಗಳು ತುಂಬಿದ್ದ ಆ ಬರಡು ಭೂಮಿಯಲ್ಲಿ 1910ರಲ್ಲಿ ಕಾರ್ಖಾನೆಯೂ ಅದರ ಸುತ್ತ ಒಂದು ಊರೂ ಎದ್ದವು. ಇಂದು ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಗೆ ಸೇರಿರುವ ಕಿರ್ಲೋಸ್ಕರವಾಡಿಯೇ ಅದು. 1941ರಲ್ಲಿ ಹರಿಹರದಲ್ಲಿ ಲೇತ್ ಯಂತ್ರಗಳನ್ನು ತಯಾರಿಸುವ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಸ್ಥಾಪನೆಯಾಯಿತು. ಹಲವು ದಶಕಗಳ ಕಾಲ ಅನೇಕ ಕುಟುಂಬಗಳಿಗೆ ಅನ್ನ ನೀಡಿದ ಆ ಕಾರ್ಖಾನೆ ಈಗ ಮುಚ್ಚಿಹೋಗಿದೆ. ಲಕ್ಷ್ಮಣರಾಯರು 1956ರಲ್ಲಿ ನಿಧನರಾದರು. ಸೈಕಲ್ ಅಂಗಡಿಯಿದ್ದ ಬೆಳಗಾವಿಯ ಬೀದಿಯನ್ನು ಜನರು ಇಂದಿಗೂ ಕಿರ್ಲೋಸ್ಕರ್ ರಸ್ತೆಯೆಂದೇ ಕರೆಯುತ್ತಾರೆ.