ಮೂಲೆ ಸೇರಿದ ಕಂಪ್ಯೂಟರಿಗೆ ಮರುಜೀವ

ನಿಮ್ಮ ಮನೆಯಲ್ಲೂ ಬಟ್ಟೆ ಹೊದ್ದು ಮೂಲೆ ಸೇರಿದ ಹಳೆಯ ಕಂಪ್ಯೂಟರ್ ಒಂದಿರಬಹುದು. ಮಕ್ಕಳ ಓದಿಗೆಂದು ಪೈಸೆಗೆ ಪೈಸೆ ಕೂಡಿಸಿ ತಂದದ್ದು. ಈಗ ಅದರ ಗುಂಡಿ ಒತ್ತಿ, ಚಹಾ ಮಾಡಿ ಕುಡಿದು ಬಂದರೂ ಪರದೆ ತೆರೆದಿರುವುದಿಲ್ಲ. ಅದು ಸಾಲದೆಂಬಂತೆ 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಕಂಪೆನಿಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ವಿಂಡೋಸ್ 11 ಹಾಕೋಣವೆಂದರೆ ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯೂ ಹೊಸ ಪ್ರೊಸೆಸರೂ ಬೇಕು. ಇಂಟೆಲ್‌ನ ಎಂಟನೆಯ ತಲೆಮಾರಿಗಿಂತ ಹಿಂದಿನ ಬಹುತೇಕ ಯಂತ್ರಗಳು ಅದಕ್ಕೆ ಅರ್ಹವಲ್ಲ.

ಹಾಗಾದರೆ ಅದನ್ನು ಗುಜರಿಗೆ ಹಾಕಬೇಕೇ? ಅಥವಾ ಯಾರದೋ ಕೈಯಿಂದ ಕಳ್ಳಪ್ರತಿ ಹಾಕಿಸಿಕೊಳ್ಳಬೇಕೇ? ತೂಕದಲ್ಲಿ ಒಂದು ಗುಲಗಂಜಿ ಹೆಚ್ಚುಕಡಿಮೆಯಾದರೂ ಲೆಕ್ಕ ಕೊಡಬೇಕಾದೀತೆಂದು ಅಂಜುವವರು ನಾವು. ಇನ್ನೊಬ್ಬರು ದುಡಿದು ಮಾಡಿದ್ದನ್ನು ಅವರ ಅನುಮತಿಯಿಲ್ಲದೆ ಮನೆಯೊಳಗೆ ತರುವಾಗ ಮಾತ್ರ ಏಕೆ ಯೋಚಿಸುವುದಿಲ್ಲ? ಈ ಎರಡೂ ಬೇಡವೆನ್ನುವವರಿಗೆ ಮೂರನೆಯ ದಾರಿಯೊಂದಿದೆ. ಅದೇ ಲಿನಕ್ಸ್.

ಗುಟ್ಟಿಲ್ಲದ ನೇಯ್ಗೆ

ಇಳಕಲ್ ಸೀರೆಯನ್ನು ನೋಡಿದ್ದೀರಿ. ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಕುಣಿಕೆ ಹಾಕಿ ಜೋಡಿಸುವುದು ಅದರ ವಿಶೇಷ. ಯಾವ ಎಳೆ ಎಲ್ಲಿ ಹೋಗಿದೆಯೆಂದು ಬಲ್ಲ ನೇಕಾರ ಅದನ್ನು ತಿದ್ದಬಲ್ಲ, ಹೊಸ ದಡಿ ಸೇರಿಸಬಲ್ಲ, ಮಗನಿಗೂ ಕಲಿಸಬಲ್ಲ. ಮುಕ್ತ ತಂತ್ರಾಂಶವೂ ಹಾಗೆಯೇ. ಅದರ ಒಳಗಿನ ಬರಹ ಎಲ್ಲರಿಗೂ ತೆರೆದಿರುತ್ತದೆ. ಬಳಸಲು, ಓದಲು, ತಿದ್ದಲು, ಹಂಚಲು ಪರವಾನಗಿಯೇ ಅನುಮತಿ ಕೊಡುತ್ತದೆ.

1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಗ್ನೂ ಯೋಜನೆಯನ್ನು ಘೋಷಿಸಿದರು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಲಿನಕ್ಸ್‌ನ ತಿರುಳನ್ನು ಬರೆದರು. ಇವೆರಡೂ ಸೇರಿದ ವ್ಯವಸ್ಥೆಯೇ ಇಂದು ಉಬುಂಟು, ಲಿನಕ್ಸ್ ಮಿಂಟ್, ಡೆಬಿಯನ್ ಮೊದಲಾದ ಹೆಸರುಗಳಲ್ಲಿ ದೊರೆಯುತ್ತದೆ. ನಿಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಮೊಬೈಲಿನ ತಿರುಳೂ ಲಿನಕ್ಸೇ. ಅಂದರೆ ಲಿನಕ್ಸ್ ನಿಮಗೆ ಅಪರಿಚಿತವೇನಲ್ಲ!

ಇದರಿಂದ ನಮ್ಮ ಊರುಗಳಿಗೆ ದೊಡ್ಡ ಉಪಕಾರವಿದೆ. ಬಾಗಲಕೋಟೆಯ ನವನಗರದಲ್ಲಿ ಯಾರಾದರೊಬ್ಬರು ಒಮ್ಮೆ ಇಳಿಸಿಕೊಂಡರೆ ಸಾಕು. ಅದೇ ಪೆನ್‌ಡ್ರೈವನ್ನು ಬಾದಾಮಿಯ ಅಕ್ಕನ ಮನೆಗೂ ಹುನಗುಂದದ ಮಾವನ ಅಂಗಡಿಗೂ ಒಯ್ಯಬಹುದು. ಎಷ್ಟು ಯಂತ್ರಗಳಿಗೆ ಬೇಕಾದರೂ ಹಾಕಬಹುದು. ಇದು ಕಳ್ಳತನವಲ್ಲ, ಕಾನೂನೇ ಒಪ್ಪಿದ ಹಂಚಿಕೆ.

ಮಕ್ಕಳು ಕಲಿಯಬಲ್ಲರೇ?

ಇದು ತಾಯಂದಿರ ಮೊದಲ ಪ್ರಶ್ನೆ. ಉತ್ತರಕ್ಕೆ ಕಾಸರಗೋಡಿನತ್ತ ನೋಡಿ. ಕೇರಳ ಸರಕಾರ 2001ರಲ್ಲಿ ಆರಂಭಿಸಿದ ಐಟಿ ಅಟ್ ಸ್ಕೂಲ್ ಯೋಜನೆಯು ಮುಂದೆ ಮುಕ್ತ ತಂತ್ರಾಂಶಕ್ಕೆ ಹೊರಳಿತು. 2017ರಲ್ಲಿ ಅದು ಕೈಟ್ ಎಂಬ ಸಂಸ್ಥೆಯಾಯಿತು. ಉಬುಂಟುವನ್ನು ಆಧರಿಸಿ ಶಾಲೆಗಳಿಗೆಂದೇ ಸಿದ್ಧಪಡಿಸಿದ ಲಿನಕ್ಸ್ ಅಲ್ಲಿಯ ಮಕ್ಕಳ ಪಾಠದ ಭಾಗ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿಯುತ್ತಾರೆ. ಅವರಿಗೆ ಸಾಧ್ಯವಾದದ್ದು ಇಳಕಲ್‌ನ ಮಗುವಿಗೆ ಏಕೆ ಸಾಧ್ಯವಿಲ್ಲ?

ನಮ್ಮ ರಾಜ್ಯವೂ ಇದನ್ನು ಬಲ್ಲದು. 2011ರಿಂದ ಡಿಎಸ್ಇಆರ್‌ಟಿ ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ಸರಕಾರಿ ಪ್ರೌಢಶಾಲೆಗಳ ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಶಿಕ್ಷಕರಿಗೆ ಉಬುಂಟುವಿನಲ್ಲಿ ತರಬೇತಿ ನೀಡಿದ್ದವು. ನಿಮ್ಮ ಮಗಳ ಗಣಿತದ ಮೇಷ್ಟ್ರನ್ನೋ ಟೀಚರನ್ನೋ ಒಮ್ಮೆ ಕೇಳಿ ನೋಡಿ. ಅವರಿಗೆ ಇದರ ಪರಿಚಯವಿರಬಹುದು.

ಚಿಕ್ಕ ಮಕ್ಕಳಿಗೆ ಅಕ್ಷರ, ಎಣಿಕೆ ಕಲಿಸುವ ಜಿಕಾಂಪ್ರಿ, ಚಿತ್ರ ಬಿಡಿಸುವ ಟಕ್ಸ್ ಪೇಂಟ್, ಆಕಾಶದ ನಕ್ಷತ್ರಗಳನ್ನು ತೋರಿಸುವ ಸ್ಟೆಲೇರಿಯಂ, ಇವೆಲ್ಲ ಉಚಿತ. ಪತ್ರ, ಲೆಕ್ಕಪಟ್ಟಿಗೆ ಲಿಬ್ರೆ ಆಫೀಸ್ ಇದೆ. ಮನೆಯಲ್ಲಿ ಕಸೂತಿ ಮಾಡುವ ಸಹೋದರಿಯರು ಇಂಕ್‌ಸ್ಕೇಪ್‌ನಲ್ಲಿ ಚೌಕಗಳನ್ನು ಹಾಕಿಕೊಂಡು ಗೋಪುರ, ತೇರು, ಆನೆಗಳ ನಮೂನೆ ಬರೆದಿಡಬಹುದು. ಕಸೂತಿ ಯಂತ್ರವಿದ್ದರೆ ಅದಕ್ಕೆ ಬೇಕಾದ ಫೈಲನ್ನೂ ಇಂಕ್ ಸ್ಟಿಚ್ ಎಂಬ ಸೇರ್ಪಡೆ ತಯಾರಿಸುತ್ತದೆ.

ಕನ್ನಡವೂ ಉರ್ದುವೂ

ಶಾಲೆಯಲ್ಲಿ ಕನ್ನಡ, ಮನೆಯಲ್ಲಿ ಉರ್ದು. ನಮ್ಮ ಅನೇಕ ಮನೆಗಳ ಪರಿಸ್ಥಿತಿ ಇದೇ ತಾನೆ? ಲಿನಕ್ಸ್‌ನ ಕೀಬೋರ್ಡ್ ಸೆಟ್ಟಿಂಗ್ಸ್‌ನಲ್ಲಿ 'ಕನ್ನಡ (ಕಗಪ)' ಎಂಬುದನ್ನು ಆರಿಸಿ. ನುಡಿ ಬಳಸಿ ರೂಢಿಯಿರುವವರಿಗೆ ಅದು ಸುಲಭ. ಉರ್ದುವಿಗೆ 'ಫೊನೆಟಿಕ್' ವಿನ್ಯಾಸ ಸೇರಿಸಿಕೊಳ್ಳಿ. ನೋಟೋ ನಸ್ತಾಲಿಕ್ ಉರ್ದು ಫಾಂಟ್ ಹಾಕಿದರೆ ಮದುವೆಯ ಆಮಂತ್ರಣವೂ ಅಂದವಾಗಿ ಮೂಡುತ್ತದೆ. ಲಿಬ್ರೆ ಆಫೀಸಿನ ಭಾಷಾ ಆಯ್ಕೆಯಲ್ಲಿ 'ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್' ಎಂಬುದಕ್ಕೆ ಗುರುತು ಹಾಕಿದರೆ ಬಲದಿಂದ ಎಡಕ್ಕೆ ಬರೆಯುವ ಅನುಕೂಲ ಸಿಗುತ್ತದೆ.

ಹಳೆಯ ನುಡಿ ಫಾಂಟಿನ ಕಡತಗಳು ತೆರೆದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಂತೆ ಕಾಣಬಹುದು. ಗಾಬರಿ ಬೇಡ. ಅರವಿಂದ ವಿ.ಕೆ. ಅವರು ರೂಪಿಸಿದ ಮುಕ್ತ ಪರಿವರ್ತಕದಿಂದ ಅವನ್ನು ಯೂನಿಕೋಡಿಗೆ ಬದಲಿಸಬಹುದು.

ಆರಂಭಿಸುವುದು ಹೇಗೆ?

• ಕಂಪ್ಯೂಟರಿನ ಪ್ರೊಸೆಸರ್ 64 ಬಿಟ್‌ನದೇ ಎಂದು ಖಚಿತಪಡಿಸಿಕೊಳ್ಳಿ. 4 ಜಿಬಿ ರಾಮ್ ಇದ್ದರೆ ಲಿನಕ್ಸ್ ಮಿಂಟ್ ಚೆನ್ನಾಗಿ ಓಡುತ್ತದೆ. 2 ಜಿಬಿ ಮಾತ್ರ ಇದ್ದರೆ ಅದರ ಹಗುರ ರೂಪವಾದ ಎಕ್ಸ್‌ಎಫ್‌ಸಿಇ ಆರಿಸಿ.

• ಮಿಂಟ್‌ನ ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಿ. ರೂಫಸ್ ಎಂಬ ಉಚಿತ ತಂತ್ರಾಂಶದಿಂದ ಅದನ್ನು 8 ಜಿಬಿ ಪೆನ್‌ಡ್ರೈವಿಗೆ ಬರೆಯಿರಿ. ಪೆನ್‌ಡ್ರೈವಿನಲ್ಲಿ ಮೊದಲಿದ್ದದ್ದೆಲ್ಲ ಅಳಿಸಿಹೋಗುತ್ತದೆ, ನೆನಪಿರಲಿ.

• ಪೆನ್‌ಡ್ರೈವ್ ಚುಚ್ಚಿ ಕಂಪ್ಯೂಟರ್ ಆರಂಭಿಸುವಾಗ ಎಫ್12, ಎಫ್9 ಅಥವಾ ಎಸ್ಕೇಪ್ ಕೀಲಿ ಒತ್ತಿ. ಕೀಲಿಯು ಕಂಪೆನಿಯಿಂದ ಕಂಪೆನಿಗೆ ಬೇರೆಯಿರುತ್ತದೆ.

• ಕೂಡಲೇ ಇನ್‌ಸ್ಟಾಲ್ ಮಾಡಬೇಡಿ. ಪೆನ್‌ಡ್ರೈವಿನಿಂದಲೇ ಎರಡು ದಿನ ಬಳಸಿ ನೋಡಿ. ವೈಫೈ, ಧ್ವನಿ, ಪ್ರಿಂಟರ್ ಎಲ್ಲ ಸರಿಯಿದೆಯೇ ಪರೀಕ್ಷಿಸಿ.

• ಇನ್‌ಸ್ಟಾಲ್ ಮಾಡುವ ಮುನ್ನ ಫೋಟೊ, ಅಂಕಪಟ್ಟಿ, ಆಸ್ತಿಪತ್ರಗಳ ಪ್ರತಿಯನ್ನು ಬೇರೆಡೆ ತೆಗೆದಿಡಿ. 'ಡಿಸ್ಕ್ ಅಳಿಸು' ಎಂಬುದನ್ನು ಆರಿಸಿದರೆ ಯಾವುದೂ ಉಳಿಯದು.

ಕೆಲವು ಎಚ್ಚರಿಕೆಗಳು

ಲಿನಕ್ಸ್ ಎಲ್ಲಕ್ಕೂ ಮದ್ದಲ್ಲ. ಅಂಗಡಿಯ ಲೆಕ್ಕ ಟ್ಯಾಲಿಯಲ್ಲಿದ್ದರೆ ಆ ಯಂತ್ರವನ್ನು ಮುಟ್ಟಬೇಡಿ, ಏಕೆಂದರೆ ಟ್ಯಾಲಿ ವಿಂಡೋಸ್‌ಗಾಗಿಯೇ ತಯಾರಾದದ್ದು. ಕೆಲವು ಪ್ರಿಂಟರುಗಳು ಲಿನಕ್ಸ್‌ನಲ್ಲಿ ಹಟ ಮಾಡುತ್ತವೆ. ಅಂಥವರು ಒಂದೇ ಕಂಪ್ಯೂಟರಿನಲ್ಲಿ ವಿಂಡೋಸ್, ಲಿನಕ್ಸ್ ಎರಡನ್ನೂ ಇಟ್ಟುಕೊಳ್ಳಬಹುದು. ವೈರಸ್ ಕಾಟ ಇಲ್ಲಿ ಕಡಿಮೆ. ಆದರೂ ಬ್ಯಾಂಕಿನ ಓಟಿಪಿ ಕೇಳುವ ವಂಚಕನನ್ನು ಯಾವ ತಂತ್ರಾಂಶವೂ ತಡೆಯದು. ಅದಕ್ಕೆ ನಮ್ಮ ಎಚ್ಚರವೇ ಬೇಕು. ಅಪ್‌ಡೇಟ್‌ಗಳನ್ನೂ ತಪ್ಪದೆ ಹಾಕಿಕೊಳ್ಳಿ.

ಸಹೋದರಿಯರೇ, ಹೊಸ ಕಂಪ್ಯೂಟರ್ ಕೊಳ್ಳುವ ಶಕ್ತಿ ಎಲ್ಲ ಮನೆಗಳಿಗೂ ಇಲ್ಲ. ಹಾಗೆಂದು ಕಲಿಯುವ ಹಂಬಲವಿರುವ ಮಗಳನ್ನು ಕಾಯಿಸಿ ಕೂರಿಸುವುದು ನ್ಯಾಯವೇ? ಬರುವ ರಜೆಯಲ್ಲಿ ಮೂಲೆಯ ಆ ಕಂಪ್ಯೂಟರಿನ ಧೂಳು ಕೊಡವಿ. ಒಂದು ಪೆನ್‌ಡ್ರೈವ್ ಸಿದ್ಧಪಡಿಸಿ, ಮಗಳ ಕೈಗೇ ಕೊಡಿ. ಅವಳು ಕಲಿತ ಮೇಲೆ ಪಕ್ಕದ ಮನೆಯ ಮಕ್ಕಳಿಗೂ ಕಲಿಸಲಿ. ಹಂಚಿದರೆ ಕಡಿಮೆಯಾಗದ ಸಂಪತ್ತು ವಿದ್ಯೆಯೊಂದೇ ತಾನೆ?